ಗೆರೆ ಮತ್ತು ನೆಲೆ: ಶಿಕಾಗೋ ನಗರದ ಒಂದನೆಯ ಕಾಂಗ್ರೆಸ್ ಕ್ಷೇತ್ರದ ಚುನಾವಣಾ ಚರಿತ್ರೆ

ಜಾನಪದ ಅಧ್ಯಯನಕ್ಕೂ ಚುನಾವಣಾ ಕ್ಷೇತ್ರಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದುದು. ಚುನಾವಣಾ ಅಧ್ಯಯನವು ಅಂಕಿಅಂಶಗಳ ಕ್ಷೇತ್ರ, ಜಾನಪದವು ಮೌಖಿಕ ಪರಂಪರೆಯ ಕ್ಷೇತ್ರ ಎಂಬ ವಿಂಗಡಣೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಗಡಿ ಎಂಬುದು ಜಾನಪದ ವಿದ್ವಾಂಸರಿಗೆ ಎಂದೂ ಅಪರಿಚಿತ ವಿಷಯವಲ್ಲ. ಎಲ್ಲೆಗಲ್ಲು ನೆಡುವುದು, ಮಾರಿಯನ್ನು ಊರ ಗಡಿ ದಾಟಿಸುವುದು ಮೊದಲಾದ ಆಚರಣೆಗಳನ್ನು ಅಭ್ಯಸಿಸಿದವರಿಗೆ ಒಂದು ಮಾತು ಸ್ಪಷ್ಟವಾಗಿರುತ್ತದೆ: ನೆಲದ ಮೇಲೆ ಎಳೆದ ಗೆರೆಯು ಕೇವಲ ಗೆರೆಯಾಗಿ ಉಳಿಯುವುದಿಲ್ಲ. ಅದರೊಳಗೆ ಬದುಕುವವರು ಅದಕ್ಕೆ ಅರ್ಥವನ್ನು ಕೊಡುತ್ತಾರೆ. ಕಾಲಾಂತರದಲ್ಲಿ ಗೆರೆ ಬದಲಾದರೂ ಆ ಅರ್ಥವು ಉಳಿದುಕೊಳ್ಳುತ್ತದೆ.

ಈ ದೃಷ್ಟಿಯಿಂದ ಪ್ರಸ್ತುತ ಲೇಖನದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಇಲಿನಾಯ್ ರಾಜ್ಯದ ಒಂದನೆಯ ಕಾಂಗ್ರೆಸ್ ಕ್ಷೇತ್ರದ ಚುನಾವಣಾ ಚರಿತ್ರೆಯನ್ನು ಪರಿಶೀಲಿಸಲಾಗಿದೆ. ಶಿಕಾಗೋ ನಗರದ ದಕ್ಷಿಣ ಭಾಗವನ್ನು ತಿರುಳಾಗಿ ಉಳ್ಳ ಈ ಕ್ಷೇತ್ರವನ್ನು 1929ರಿಂದ ಇಂದಿನವರೆಗೂ ಆಫ್ರಿಕನ್ ಅಮೆರಿಕನ್ನರೇ ಪ್ರತಿನಿಧಿಸುತ್ತ ಬಂದಿದ್ದಾರೆ. ಆ ದೇಶದ ಬೇರಾವ ಕ್ಷೇತ್ರಕ್ಕೂ ಇಷ್ಟು ದೀರ್ಘವಾದ ಇಂತಹ ಪರಂಪರೆಯಿಲ್ಲ. ಈ ಪರಂಪರೆ ಹೇಗೆ ಹುಟ್ಟಿತು, ಯಾರ ಕೈಯಲ್ಲಿ ಬೆಳೆಯಿತು, ಈಗ ಯಾವ ಸ್ಥಿತಿಯಲ್ಲಿದೆ ಎಂಬುದೇ ಇಲ್ಲಿನ ವಿಚಾರ.

ಕ್ಷೇತ್ರ ಮತ್ತು ಪದ್ಧತಿ

ಇಲ್ಲಿ 'ಕಾಂಗ್ರೆಸ್' ಎಂದರೆ ಪಕ್ಷವಲ್ಲ, ಅಮೆರಿಕದ ಸಂಸತ್ತು. ಅದರ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 435 ಸದಸ್ಯರಿದ್ದು, ಪ್ರತಿಯೊಬ್ಬರ ಅವಧಿ ಎರಡು ವರ್ಷ. ಹತ್ತು ವರ್ಷಗಳಿಗೊಮ್ಮೆ ನಡೆಯುವ ಜನಗಣತಿಯ ಆಧಾರದ ಮೇಲೆ ರಾಜ್ಯಗಳಿಗೆ ಸ್ಥಾನಗಳು ಹಂಚಿಕೆಯಾಗುತ್ತವೆ. ನಮ್ಮಲ್ಲಿ ಕ್ಷೇತ್ರ ಪುನರ್ವಿಂಗಡಣೆಯ ಹೊಣೆ ಪ್ರತ್ಯೇಕ ಆಯೋಗದ್ದಾದರೆ, ಇಲಿನಾಯ್‌ನಲ್ಲಿ ಕಾಂಗ್ರೆಸ್ ಕ್ಷೇತ್ರಗಳ ಗೆರೆ ಎಳೆಯುವುದು ರಾಜ್ಯದ ಶಾಸಕಾಂಗ. ಅಂದರೆ ಗೆರೆ ಎಳೆಯುವವರೂ ಚುನಾವಣಾ ರಾಜಕಾರಣಿಗಳೇ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ಮತದಾರರೇ ಪ್ರಾಥಮಿಕ ಚುನಾವಣೆಯಲ್ಲಿ ನಿರ್ಧರಿಸುತ್ತಾರೆ. ಪ್ರಾಥಮಿಕ ಚುನಾವಣೆ ಮುಗಿದ ಬಳಿಕ ಅಭ್ಯರ್ಥಿ ತೀರಿಕೊಂಡರೆ ವಾರ್ಡುಗಳ ಪಕ್ಷಪ್ರಮುಖರು ಕೂಡಿ ಬದಲಿ ಅಭ್ಯರ್ಥಿಯನ್ನು ಆರಿಸುತ್ತಾರೆ. ಸಣ್ಣದಾಗಿ ಕಾಣುವ ಈ ನಿಯಮವು ಈ ಕ್ಷೇತ್ರದ ಚರಿತ್ರೆಯಲ್ಲಿ ಎರಡು ಬಾರಿ ನಿರ್ಣಾಯಕವಾಯಿತು.

ಕದಲದ ಗೆರೆ, ಕದಲಿದ ಜನ

ಕ್ಷೇತ್ರದ ಉದಯಕ್ಕೆ ಎರಡು ಕಾರಣಗಳು ಕೂಡಿಬಂದವು. ಮೊದಲನೆಯದು ಮಹಾವಲಸೆ. ದಕ್ಷಿಣದ ರಾಜ್ಯಗಳಲ್ಲಿನ ಜನಾಂಗಭೇದದ ಕಾನೂನು, ಗುಂಪುಹತ್ಯೆ, ಗೇಣಿ ಬೇಸಾಯದ ಸಾಲದ ಉರುಳುಗಳಿಂದ ಪಾರಾಗಲು ಕಪ್ಪು ಜನರು ಉತ್ತರದ ನಗರಗಳಿಗೆ ನಡೆದರು. ಮೊದಲ ಮಹಾಯುದ್ಧದ ಕಾಲದಲ್ಲಿ ಯುರೋಪಿನಿಂದ ಬರುತ್ತಿದ್ದ ಕೂಲಿಕಾರರ ಹರಿವು ನಿಂತಾಗ ಶಿಕಾಗೋದ ಕಸಾಯಿಖಾನೆಗಳು, ಉಕ್ಕಿನ ಕಾರ್ಖಾನೆಗಳು ಅವರಿಗೆ ಬಾಗಿಲು ತೆರೆದವು. 1910ರಲ್ಲಿ ಸುಮಾರು 44 ಸಾವಿರದಷ್ಟಿದ್ದ ನಗರದ ಕಪ್ಪು ಜನಸಂಖ್ಯೆ 1920ರಲ್ಲಿ 1.09 ಲಕ್ಷಕ್ಕೂ, 1930ರಲ್ಲಿ 2.34 ಲಕ್ಷಕ್ಕೂ ಏರಿತು. 1905ರಲ್ಲಿ ರಾಬರ್ಟ್ ಆ್ಯಬಟ್ ಆರಂಭಿಸಿದ 'ಶಿಕಾಗೋ ಡಿಫೆಂಡರ್' ಪತ್ರಿಕೆಯನ್ನು ಪುಲ್‌ಮನ್ ರೈಲುಗಾಡಿಗಳ ಕಪ್ಪು ಪರಿಚಾರಕರು ದಕ್ಷಿಣದ ಊರುಗಳಿಗೆ ಒಯ್ದು ಹಂಚಿದರು. ಕ್ಷೌರದ ಅಂಗಡಿಗಳಲ್ಲಿ, ಚರ್ಚುಗಳಲ್ಲಿ ಓದು ಬಲ್ಲವರು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮುದ್ರಿತ ಪಠ್ಯವು ಮೌಖಿಕವಾಗಿ ಪ್ರಸಾರಗೊಂಡು ಜನರನ್ನು ಕದಲಿಸಿದ ಈ ಪ್ರಸಂಗವು ಜಾನಪದ ವಿದ್ವಾಂಸರ ಗಮನಕ್ಕೆ ಅರ್ಹವಾಗಿದೆ.

ವಲಸೆ ಬಂದವರು ಬೇಕೆಂದಲ್ಲಿ ನೆಲೆಸುವಂತಿರಲಿಲ್ಲ. 1919ರ ಜುಲೈಯಲ್ಲಿ ನಡೆದ ಜನಾಂಗೀಯ ಗಲಭೆಯಲ್ಲಿ 23 ಮಂದಿ ಕಪ್ಪು ಜನರೂ 15 ಮಂದಿ ಬಿಳಿಯರೂ ಸತ್ತರು. ಆ ಬಳಿಕ ಕಪ್ಪು ಜನರಿಗೆ ಮನೆ ಮಾರಕೂಡದು, ಬಾಡಿಗೆಗೆ ಕೊಡಕೂಡದು ಎಂಬ ನಿರ್ಬಂಧಕ ಕರಾರುಗಳು ನಗರದುದ್ದಕ್ಕೂ ಹರಡಿದವು. ಇಂತಹ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ಅಲ್ಲಿಯವರೆಗೆ ದಕ್ಷಿಣ ಶಿಕಾಗೋದ ಕಿರಿದಾದ ಪಟ್ಟಿಯೊಂದರಲ್ಲಿ ಜನ ಕಿಕ್ಕಿರಿದರು. ಈ ಪ್ರದೇಶವೇ 'ಬ್ರಾನ್ಜ್‌ವಿಲ್' ಎಂದು ಹೆಸರಾಯಿತು.

ಎರಡನೆಯ ಕಾರಣ ಹೆಚ್ಚು ಕುತೂಹಲಕರವಾದುದು. ಇಲಿನಾಯ್ ಶಾಸಕಾಂಗವು 1901ರಲ್ಲಿ ಎಳೆದ ಕ್ಷೇತ್ರಗಳ ಗೆರೆಗಳನ್ನು 1947ರವರೆಗೆ ಮುಟ್ಟಲೇ ಇಲ್ಲ. ನಗರಕ್ಕೆ ಹೆಚ್ಚಿನ ಸ್ಥಾನಗಳು ಹೋಗುವುದು ಗ್ರಾಮೀಣ ಶಾಸಕರಿಗೆ ಬೇಕಿರಲಿಲ್ಲ. ಈ ನಿಷ್ಕ್ರಿಯತೆಯ ವಿರುದ್ಧ ಹೂಡಿದ ಕೋಲ್‌ಗ್ರೋವ್ ಮೊಕದ್ದಮೆಯಲ್ಲಿ 1946ರಲ್ಲಿ ಸುಪ್ರೀಂ ಕೋರ್ಟು ಮಧ್ಯಪ್ರವೇಶಿಸಲು ನಿರಾಕರಿಸಿತು. ಹೀಗೆ ಗೆರೆ ನಿಂತಲ್ಲೇ ನಿಂತಿತು, ಜನ ಮಾತ್ರ ಒಳಗೆ ಹರಿದು ಬಂದರು. ಕಪ್ಪು ಜನರಿಗೆ ಪ್ರಾತಿನಿಧ್ಯ ದೊರಕಿಸುವ ಉದ್ದೇಶದಿಂದ ಯಾರೂ ಈ ಕ್ಷೇತ್ರವನ್ನು ರಚಿಸಲಿಲ್ಲ. ಜನರನ್ನು ಒಂದೆಡೆ ಕೂಡಿಹಾಕಿದ ಅನ್ಯಾಯವೂ ಗೆರೆಯನ್ನು ಬದಲಿಸದ ಅನ್ಯಾಯವೂ ಸೇರಿ, ಇಬ್ಬರೂ ನಿರೀಕ್ಷಿಸದ ಒಂದು ರಾಜಕೀಯ ಶಕ್ತಿಯನ್ನು ಹುಟ್ಟುಹಾಕಿದವು.

ಮೊದಲ ಪ್ರತಿನಿಧಿಗಳು

1905ರಿಂದ ಈ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದ ಬಿಳಿಯ ರಿಪಬ್ಲಿಕನ್ ಮಾರ್ಟಿನ್ ಮ್ಯಾಡನ್ 1928ರ ಏಪ್ರಿಲ್‌ನಲ್ಲಿ ಸಂಸತ್ ಭವನದಲ್ಲಿಯೇ ನಿಧನರಾದರು. ಪ್ರಾಥಮಿಕ ಚುನಾವಣೆ ಅದಾಗಲೇ ಮುಗಿದಿದ್ದುದರಿಂದ ವಾರ್ಡ್ ಪ್ರಮುಖರು ಆಸ್ಕರ್ ಡಿ ಪ್ರೀಸ್ಟ್ ಅವರನ್ನು ಆರಿಸಿದರು. ಅಲಬಾಮದಲ್ಲಿ 1871ರಲ್ಲಿ ಹುಟ್ಟಿದ ಡಿ ಪ್ರೀಸ್ಟ್ ಮನೆಗಳಿಗೆ ಬಣ್ಣ ಬಳಿಯುವ ಕಸುಬಿನಿಂದ ಮೇಲೆ ಬಂದವರು; 1915ರಲ್ಲಿ ಶಿಕಾಗೋ ನಗರಸಭೆಯ ಮೊದಲ ಕಪ್ಪು ಸದಸ್ಯರಾದವರು. ನವೆಂಬರ್ ಚುನಾವಣೆಯಲ್ಲಿ ಅರ್ಧಕ್ಕಿಂತ ಕಡಿಮೆ ಮತ ಪಡೆದರೂ ಗೆದ್ದರು. 1901ರಲ್ಲಿ ಉತ್ತರ ಕ್ಯಾರೊಲಿನಾದ ಜಾರ್ಜ್ ವೈಟ್ ಸಭೆಯಿಂದ ಹೊರನಡೆದ ಮೇಲೆ ಅಲ್ಲಿಗೆ ಕಾಲಿಟ್ಟ ಮೊದಲ ಕಪ್ಪು ಸದಸ್ಯ ಇವರೇ. ಉತ್ತರದ ರಾಜ್ಯವೊಂದರಿಂದ ಆಯ್ಕೆಯಾದವರಲ್ಲಿಯೂ ಇವರೇ ಮೊದಲಿಗರು.

1929ರ ಪ್ರಮಾಣವಚನದ ಪ್ರಸಂಗ ಗಮನಾರ್ಹವಾದುದು. ರಾಜ್ಯವಾರು ಪ್ರಮಾಣ ಬೋಧಿಸುವ ರೂಢಿಯಂತೆ ನಡೆದಿದ್ದರೆ, ಮೊದಲು ಪ್ರಮಾಣ ಸ್ವೀಕರಿಸಿದ ದಕ್ಷಿಣದ ಸದಸ್ಯರು ಡಿ ಪ್ರೀಸ್ಟ್ ಅವರ ವಿರುದ್ಧ ಆಕ್ಷೇಪ ಎತ್ತುವ ಸಂಭವವಿತ್ತು. ಸಭಾಧ್ಯಕ್ಷ ನಿಕೊಲಸ್ ಲಾಂಗ್‌ವರ್ತ್ ಎಲ್ಲ ಸದಸ್ಯರಿಗೂ ಏಕಕಾಲದಲ್ಲಿ ಪ್ರಮಾಣ ಬೋಧಿಸಿ ಆ ಸಂದರ್ಭವನ್ನೇ ತಪ್ಪಿಸಿದರು. ಅದೇ ವರ್ಷ ಅಧ್ಯಕ್ಷರ ಪತ್ನಿ ಲೂ ಹೂವರ್ ಅವರು ಜೆಸ್ಸಿ ಡಿ ಪ್ರೀಸ್ಟ್ ಅವರನ್ನು ಶ್ವೇತಭವನಕ್ಕೆ ಚಹಾಕೂಟಕ್ಕೆ ಕರೆದಾಗ ದಕ್ಷಿಣದಲ್ಲಿ ದೊಡ್ಡ ಗದ್ದಲವೆದ್ದಿತು. 1934ರಲ್ಲಿ ಡಿ ಪ್ರೀಸ್ಟ್ ಅವರ ಕಾರ್ಯದರ್ಶಿಗೆ ಸಭೆಯ ಉಪಾಹಾರ ಗೃಹದಲ್ಲಿ ಊಟ ನಿರಾಕರಿಸಲಾಯಿತು. ಒಟ್ಟಿಗೆ ಕುಳಿತು ಉಣ್ಣುವುದನ್ನು ತಡೆಯುವ ಮೂಲಕವೇ ಮೇಲುಕೀಳು ನೆಲೆಗೊಳ್ಳುತ್ತದೆ ಎಂಬುದನ್ನು ಪಂಕ್ತಿಭೇದವನ್ನು ಬಲ್ಲ ನಮಗೆ ವಿವರಿಸಬೇಕಾಗಿಲ್ಲ.

ಆರ್ಥಿಕ ಕುಸಿತದ ಕಾಲದಲ್ಲಿ ಕಪ್ಪು ಮತದಾರರು ಲಿಂಕನ್ನರ ಪಕ್ಷವಾದ ರಿಪಬ್ಲಿಕನ್ ಪಕ್ಷವನ್ನು ಕ್ರಮೇಣ ತೊರೆದರು. ರೂಸ್‌ವೆಲ್ಟರ ಪರಿಹಾರ ಯೋಜನೆಗಳು ಅವರ ಮನೆಬಾಗಿಲನ್ನು ತಲುಪಿದ್ದವು. ಡಿ ಪ್ರೀಸ್ಟ್ ಅವುಗಳನ್ನು ಬೆಂಬಲಿಸಲು ಹಿಂಜರಿದರು. 1934ರಲ್ಲಿ ಆರ್ಥರ್ ಮಿಚೆಲ್ ಅವರನ್ನು ಸೋಲಿಸಿ ಕಾಂಗ್ರೆಸ್ಸಿನ ಮೊದಲ ಕಪ್ಪು ಡೆಮಾಕ್ರಟ್ ಎನಿಸಿದರು. ಅಂದಿನಿಂದ ಇಂದಿನವರೆಗೆ ಕ್ಷೇತ್ರವು ಆ ಪಕ್ಷದ ಕೈತಪ್ಪಿಲ್ಲ. 1937ರಲ್ಲಿ ಅರ್ಕನ್ಸಾಸ್‌ನಲ್ಲಿ ಮೊದಲ ದರ್ಜೆಯ ಟಿಕೆಟ್ ಇದ್ದರೂ ಮಿಚೆಲ್ ಅವರನ್ನು ರೈಲಿನ ಪ್ರತ್ಯೇಕ ಬೋಗಿಗೆ ಅಟ್ಟಲಾಯಿತು. ಅವರು ಹೂಡಿದ ಮೊಕದ್ದಮೆಯಲ್ಲಿ 1941ರಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪಿತ್ತಿತು.

ಡಾಸನ್ ಮತ್ತು ಪಕ್ಷಯಂತ್ರ

1942ರ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಇಬ್ಬರು ಎದುರಾದರು. ನಿರ್ಬಂಧಕ ಕರಾರುಗಳ ವಿರುದ್ಧದ ಹ್ಯಾನ್ಸ್‌ಬೆರಿ ಮೊಕದ್ದಮೆಯನ್ನು 1940ರಲ್ಲಿ ಗೆದ್ದ ವಕೀಲ ಅರ್ಲ್ ಡಿಕರ್ಸನ್ ಒಬ್ಬರು. 1939ರಲ್ಲಷ್ಟೇ ರಿಪಬ್ಲಿಕನ್ ಪಕ್ಷದಿಂದ ಬಂದಿದ್ದ ವಿಲಿಯಂ ಡಾಸನ್ ಇನ್ನೊಬ್ಬರು. ನಗರದ ಪಕ್ಷನಾಯಕರು ಡಾಸನ್ ಅವರ ಬೆನ್ನಿಗೆ ನಿಂತರು. ಡಾಸನ್ ಗೆದ್ದು 1943ರಿಂದ 1970ರವರೆಗೆ ಆ ಸ್ಥಾನದಲ್ಲಿದ್ದರು. 1949ರಲ್ಲಿ ಕಾಂಗ್ರೆಸ್ಸಿನ ಸ್ಥಾಯೀ ಸಮಿತಿಯೊಂದರ ಅಧ್ಯಕ್ಷರಾದ ಮೊದಲ ಕಪ್ಪು ಸದಸ್ಯರೂ ಅವರೇ.

ಶಿಕಾಗೋದ ಪಕ್ಷಯಂತ್ರದ ಕಾರ್ಯವಿಧಾನ ಹೀಗಿತ್ತು. ಪ್ರತಿ ವಾರ್ಡಿಗೂ ಒಬ್ಬ ಪಕ್ಷಪ್ರಮುಖ; ಅವನ ಕೆಳಗೆ ಪ್ರತಿ ಮತಗಟ್ಟೆಯ ವ್ಯಾಪ್ತಿಗೂ ಒಬ್ಬ ಕ್ಯಾಪ್ಟನ್. ಈ ಕ್ಯಾಪ್ಟನ್ ತನ್ನ ಬೀದಿಯ ಪ್ರತಿ ಮನೆಯನ್ನೂ ಹೆಸರು ಹಿಡಿದು ಬಲ್ಲವನು. ಬಾಡಿಗೆದಾರನನ್ನು ಹೊರಹಾಕಿದಾಗ, ಹುಡುಗನನ್ನು ಪೊಲೀಸರು ಹಿಡಿದಾಗ, ಪರಿಹಾರದ ಚೀಟಿ ಬಾರದಿದ್ದಾಗ ಜನ ಮೊದಲು ಹೋಗುತ್ತಿದ್ದುದು ಅವನ ಬಳಿಗೆ. ಪ್ರತಿಯಾಗಿ ಅವನು ಕೇಳುತ್ತಿದ್ದುದು ಮತ. ಆ ಮತಗಳ ಲೆಕ್ಕದ ಮೇಲೆ ಅವನಿಗೂ ನಗರಾಡಳಿತದಲ್ಲಿ ಒಂದು ನೌಕರಿ. ದಕ್ಷಿಣದ ಹಳ್ಳಿಯಿಂದ ಬಂದು ಮಹಾನಗರದಲ್ಲಿ ದಿಕ್ಕುಗಾಣದವನಿಗೆ ಈ ಮುಖಾಮುಖಿ ಸಂಬಂಧವೇ ಸರ್ಕಾರವಾಗಿತ್ತು. ಇದನ್ನು ಕೇವಲ ಭ್ರಷ್ಟಾಚಾರವೆಂದು ತಳ್ಳಿಹಾಕಿದರೆ ಅದರ ಬಲವು ಅರ್ಥವಾಗುವುದಿಲ್ಲ.

ಯಂತ್ರದ ಇನ್ನೊಂದು ಆಸರೆ 'ಪಾಲಿಸಿ' ಎಂಬ ಅಂಕಿ ಜೂಜು. ಕನಸಿನಲ್ಲಿ ಕಂಡ ವಸ್ತುವಿಗೆ ಇಂತಿಂಥ ಸಂಖ್ಯೆ ಎಂದು ಸೂಚಿಸುವ ಕನಸಿನ ಪುಸ್ತಕಗಳು ಬ್ರಾನ್ಜ್‌ವಿಲ್‌ನಲ್ಲಿ ಧಾರಾಳವಾಗಿ ಮಾರಾಟವಾಗುತ್ತಿದ್ದವು. ಜನ ತಮ್ಮ ಕನಸನ್ನು ಆ ಪುಸ್ತಕದಲ್ಲಿ ಹುಡುಕಿ ಅಂಕಿಗೆ ಹಣ ಕಟ್ಟುತ್ತಿದ್ದರು. ಶಕುನ ಮತ್ತು ಕನಸಿನ ನಂಬಿಕೆಗಳು ನಗರದಲ್ಲಿ ನಾಶವಾಗದೆ ಹೊಸ ವ್ಯವಹಾರಕ್ಕೆ ಹೊಂದಿಕೊಂಡ ಬಗೆ ಇದು. ಬ್ಯಾಂಕುಗಳು ಸಾಲ ಕೊಡದ ಪ್ರದೇಶದಲ್ಲಿ ಪಾಲಿಸಿಯ ಹಣ ಅಂಗಡಿಗಳಿಗೆ, ಚರ್ಚುಗಳಿಗೆ, ಚುನಾವಣೆಗಳಿಗೆ ಹರಿಯಿತು. ಡಾಸನ್ ಈ ಜೂಜಿಗೆ ರಕ್ಷಣೆ ಕೊಡುತ್ತಿದ್ದರೆಂಬ ಆರೋಪ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಸೇಂಟ್ ಕ್ಲೇರ್ ಡ್ರೇಕ್ ಮತ್ತು ಹೊರೇಸ್ ಕೇಟನ್ 1945ರಲ್ಲಿ ಪ್ರಕಟಿಸಿದ 'ಬ್ಲ್ಯಾಕ್ ಮೆಟ್ರೊಪೊಲಿಸ್' ಎಂಬ ಕೃತಿಯು ಜೂಜು, ಚರ್ಚು, ರಾಜಕೀಯ ಮೂರನ್ನೂ ಒಂದೇ ಬದುಕಿನ ಅಂಗಗಳಾಗಿ ನೋಡಿದ ಆಕರಗ್ರಂಥವಾಗಿದೆ.

ಡಾಸನ್ 1951ರಲ್ಲಿ ಸೇನೆಯಲ್ಲಿ ಜನಾಂಗ ಪ್ರತ್ಯೇಕತೆಗೆ ಅವಕಾಶ ನೀಡುವ ತಿದ್ದುಪಡಿಯನ್ನು ವಿರೋಧಿಸಿ ಸಭೆಯಲ್ಲಿ ಮಾಡಿದ ಭಾಷಣ ಪ್ರಸಿದ್ಧವಾದುದು. ಆ ತಿದ್ದುಪಡಿ ಸೋತಿತು. 1955ರಲ್ಲಿ ರಿಚರ್ಡ್ ಡೇಲಿ ಮೇಯರ್ ಆಗುವಲ್ಲಿ ಡಾಸನ್ ಅವರ ವಾರ್ಡುಗಳ ಪಾತ್ರ ದೊಡ್ಡದು. ಆದರೆ ಪಕ್ಷದೊಳಗೇ ಉಳಿದು ಪಡೆದುಕೊಳ್ಳುವ ಅವರ ನೀತಿಯು ನಾಗರಿಕ ಹಕ್ಕುಗಳ ಚಳವಳಿಯ ಕಾಲಕ್ಕೆ ಮೌನದಂತೆ ಕೇಳಿಸಿತು.

ಯಂತ್ರದೊಡನೆ ಮುರಿದ ನಂಟು

1970ರಲ್ಲಿ ಡಾಸನ್ ಅವರ ಸ್ಥಾನಕ್ಕೆ ಬಂದ ರಾಲ್ಫ್ ಮೆಟ್ಕಾಫ್ ಮೊದಲಿಗೆ ಡೇಲಿಯವರ ನಿಷ್ಠಾವಂತರೇ. 1932 ಮತ್ತು 1936ರ ಒಲಿಂಪಿಕ್ಸ್‌ಗಳಲ್ಲಿ ಓಡಿದ, ಬರ್ಲಿನ್‌ನಲ್ಲಿ ಜೆಸ್ಸಿ ಓವೆನ್ಸ್ ಜತೆ ರಿಲೇ ಚಿನ್ನ ಗೆದ್ದ ಅವರು ಮನೆಮಾತಾಗಿದ್ದರು. 1969ರ ಡಿಸೆಂಬರ್ 4ರಂದು ಬ್ಲ್ಯಾಕ್ ಪ್ಯಾಂಥರ್ ನಾಯಕ ಫ್ರೆಡ್ ಹ್ಯಾಂಪ್ಟನ್ ಪೊಲೀಸ್ ದಾಳಿಯಲ್ಲಿ ಹತರಾದರು. ದಾಳಿ ನಡೆಸಿದ್ದು ಸರ್ಕಾರಿ ಅಭಿಯೋಜಕ ಎಡ್ವರ್ಡ್ ಹ್ಯಾನ್ರಹನ್ ಅವರ ಕಚೇರಿಗೆ ಸೇರಿದ ಪೊಲೀಸರು. 1972ರಲ್ಲಿ ಮೆಟ್ಕಾಫ್ ಪೊಲೀಸ್ ದೌರ್ಜನ್ಯದ ಪ್ರಶ್ನೆಯ ಮೇಲೆ ಡೇಲಿಯವರೊಂದಿಗೆ ಬಹಿರಂಗವಾಗಿ ಸಂಬಂಧ ಕಡಿದುಕೊಂಡರು. ಅದೇ ವರ್ಷ ಕಪ್ಪು ಮತದಾರರು ಪಕ್ಷನಿಷ್ಠೆಯನ್ನು ಬದಿಗಿಟ್ಟು ಹ್ಯಾನ್ರಹನ್ ಅವರನ್ನು ಸೋಲಿಸಲು ನೆರವಾದರು. 1976ರ ಪ್ರಾಥಮಿಕ ಚುನಾವಣೆಯಲ್ಲಿ ಡೇಲಿ ತಮ್ಮ ಅಭ್ಯರ್ಥಿಯನ್ನು ಎದುರು ನಿಲ್ಲಿಸಿದರೂ ಮೆಟ್ಕಾಫ್ ದೊಡ್ಡ ಅಂತರದಿಂದ ಗೆದ್ದರು.

1978ರ ಅಕ್ಟೋಬರ್‌ನಲ್ಲಿ, ಚುನಾವಣೆಗೆ ಕೆಲವೇ ವಾರಗಳಿರುವಾಗ ಮೆಟ್ಕಾಫ್ ನಿಧನರಾದರು. ಐವತ್ತು ವರ್ಷಗಳ ಹಿಂದೆ ಡಿ ಪ್ರೀಸ್ಟ್ ಅವರನ್ನು ಕೊಟ್ಟ ಅದೇ ನಿಯಮದಂತೆ ವಾರ್ಡ್ ಪ್ರಮುಖರು ಕೂಡಿ ಬೆನೆಟ್ ಸ್ಟೀವರ್ಟ್ ಅವರನ್ನು ಆರಿಸಿದರು. ಆದರೆ 1928ರಲ್ಲಿ ಮುಂಬಾಗಿಲಾಗಿದ್ದುದು ಈಗ ಹಿಂಬಾಗಿಲಾಗಿ ಕಂಡಿತು. ತಮ್ಮವನೊಬ್ಬ ಆ ಸ್ಥಾನದಲ್ಲಿ ಕುಳಿತರೆ ಸಾಕು ಎಂಬ ಕಾಲ ಮುಗಿದು, ಅವನನ್ನು ಆರಿಸುವವರು ಯಾರು ಎಂಬ ಪ್ರಶ್ನೆ ಹುಟ್ಟಿತ್ತು. 1980ರ ಪ್ರಾಥಮಿಕ ಚುನಾವಣೆಯಲ್ಲಿ ಹೆರಾಲ್ಡ್ ವಾಷಿಂಗ್ಟನ್ ಸ್ಟೀವರ್ಟ್ ಅವರನ್ನು ಸೋಲಿಸಿದರು. ಈ ಕ್ಷೇತ್ರದ ಚರಿತ್ರೆಯ ನಿಜವಾದ ತಿರುವು ಇದೆಂದು ಹೇಳಬಹುದು.

ವಾಷಿಂಗ್ಟನ್ 1982ರಲ್ಲಿ ಮತದಾನ ಹಕ್ಕುಗಳ ಕಾಯಿದೆಯ ವಿಸ್ತರಣೆಗೆ ದುಡಿದರು. ಅದೇ ವರ್ಷ ಶಿಕಾಗೋದಲ್ಲಿ ನಡೆದ ಆಂದೋಲನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೊಸ ಮತದಾರರು ನೋಂದಾಯಿಸಿಕೊಂಡರು. 1983ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ನಗರದ ಮೊದಲ ಕಪ್ಪು ಮೇಯರ್ ಆದರು. ಉದಯಿಸುವ ಸೂರ್ಯನ ಕಿರಣಗಳಿದ್ದ ಅವರ ನೀಲಿ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಳ್ಳುವುದು ದಕ್ಷಿಣ ಶಿಕಾಗೋದಲ್ಲಿ ಗುರುತಿನ ಚಿಹ್ನೆಯಾಯಿತು. 1987ರ ನವೆಂಬರ್ 25ರಂದು ಅವರು ಕಚೇರಿಯ ಮೇಜಿನ ಬಳಿಯೇ ಕುಸಿದು ನಿಧನರಾದರು.

ತೆರವಾದ ಕಾಂಗ್ರೆಸ್ ಸ್ಥಾನಕ್ಕೆ 1983ರಲ್ಲಿ ಕಾರ್ಮಿಕ ಸಂಘಟಕ ಚಾರ್ಲ್ಸ್ ಹೇಯ್ಸ್ ಆಯ್ಕೆಯಾದರು. 1992ರಲ್ಲಿ ಅವರನ್ನು ಸೋಲಿಸಿದವರು ಬಾಬಿ ರಶ್. ಇಲಿನಾಯ್ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಸ್ಥಾಪಕರಲ್ಲೊಬ್ಬರಾದ ರಶ್ ಹ್ಯಾಂಪ್ಟನ್ ಅವರ ಸಂಗಾತಿ. ಡಾಸನ್ ಹುಟ್ಟಿದ ಜಾರ್ಜಿಯಾದ ಆಲ್ಬನಿ ಪಟ್ಟಣದಲ್ಲಿಯೇ ಹುಟ್ಟಿ ಶಿಕಾಗೋಕ್ಕೆ ಬಂದವರು. ಡಾಸನ್ ಒಮ್ಮೆ ಪ್ರತಿನಿಧಿಸಿದ್ದ ಎರಡನೆಯ ವಾರ್ಡಿನಿಂದಲೇ ನಗರಸಭೆಗೆ ಹೋದವರು. ಒಂದೇ ಊರು, ಒಂದೇ ವಲಸೆಯ ದಾರಿ. ಆದರೆ ಒಬ್ಬರು ಯಂತ್ರವನ್ನು ಕಟ್ಟಿದವರು, ಇನ್ನೊಬ್ಬರು ಅದರ ಪೊಲೀಸರನ್ನು ಎದುರಿಸಿದವರು.

2000ದ ಪ್ರಾಥಮಿಕ ಚುನಾವಣೆಯಲ್ಲಿ ರಶ್ ಅವರಿಗೆ ಎದುರಾದವರು ರಾಜ್ಯ ಸೆನೆಟರ್ ಬರಾಕ್ ಒಬಾಮ. ರಶ್ ಸುಮಾರು ಶೇ. 61ರಷ್ಟು ಮತ ಪಡೆದರು. ಒಬಾಮ ಪಡೆದದ್ದು ಸುಮಾರು ಶೇ. 30. ವಿಶ್ವವಿದ್ಯಾಲಯದ ಪರಿಸರದಿಂದ ಬಂದ ಒಬಾಮ 'ನಮ್ಮವರೇ' ಎಂಬ ಪ್ರಶ್ನೆಯನ್ನು ಎದುರಿಸಬೇಕಾಯಿತು. ಮುಂದೆ ರಾಷ್ಟ್ರವೇ ಆರಿಸಿದ ವ್ಯಕ್ತಿಯನ್ನು ಈ ಕ್ಷೇತ್ರ ತಿರಸ್ಕರಿಸಿತ್ತು. ಇದನ್ನು ಮತದಾರರ ಅವಿವೇಕವೆಂದು ತಿಳಿಯುವುದು ಸರಿಯಲ್ಲ. ನೆನಪುಗಳನ್ನು ಹಂಚಿಕೊಂಡವನನ್ನು ಅವರು ಉಳಿಸಿಕೊಂಡರು, ಅಷ್ಟೆ.

ಹಿಗ್ಗುವ ಗೆರೆ

1964ರ ವೆಸ್‌ಬೆರಿ ತೀರ್ಪಿನ ಬಳಿಕ ಒಂದು ರಾಜ್ಯದ ಎಲ್ಲ ಕ್ಷೇತ್ರಗಳ ಜನಸಂಖ್ಯೆ ಸಮನಾಗಿರಬೇಕಾಯಿತು. ಮುಂದೆ ನಡೆದುದು ಮೊದಲ ಭಾಗದ ಕಥೆಗೆ ತದ್ವಿರುದ್ಧ. ಆಗ ಗೆರೆ ನಿಂತು ಜನ ಬಂದರು. ಈಗ ಜನ ಹೋಗುತ್ತಿದ್ದಾರೆ, ಗೆರೆ ಅವರ ಬೆನ್ನಟ್ಟುತ್ತಿದೆ. 1980ರಲ್ಲಿ ಸುಮಾರು 12 ಲಕ್ಷವಿದ್ದ ಶಿಕಾಗೋದ ಕಪ್ಪು ಜನಸಂಖ್ಯೆ 2020ರಲ್ಲಿ 8 ಲಕ್ಷಕ್ಕಿಂತ ಕೆಳಗಿಳಿಯಿತು. ಕಾರ್ಖಾನೆಗಳು ಮುಚ್ಚಿದವು. 1962ರಲ್ಲಿ ಪೂರ್ಣಗೊಂಡ, 28 ಕಟ್ಟಡಗಳ ರಾಬರ್ಟ್ ಟೇಲರ್ ವಸತಿ ಸಮುಚ್ಚಯದ ಕೊನೆಯ ಕಟ್ಟಡವನ್ನು 2007ರಲ್ಲಿ ಕೆಡವಲಾಯಿತು. ಇಲಿನಾಯ್ ರಾಜ್ಯದ ಸ್ಥಾನಗಳೂ 1913ರಲ್ಲಿದ್ದ 27ರಿಂದ 2020ರ ಜನಗಣತಿಯ ನಂತರ 17ಕ್ಕೆ ಇಳಿದವು. ಪ್ರತಿ ಕ್ಷೇತ್ರಕ್ಕೂ ಈಗ ಸುಮಾರು 7.5 ಲಕ್ಷ ಜನ ಬೇಕು. ಹೀಗಾಗಿ 2021ರ ನಕ್ಷೆಯಲ್ಲಿ ಒಂದನೆಯ ಕ್ಷೇತ್ರವು ಬ್ರಾನ್ಜ್‌ವಿಲ್‌ನಿಂದ ಹೊರಟು ಉಪನಗರಗಳನ್ನು ದಾಟಿ ವಿಲ್ ಮತ್ತು ಕಂಕಕೀ ಕೌಂಟಿಗಳ ಹೊಲಗಳವರೆಗೆ ಚಾಚಿಕೊಂಡಿದೆ.

ರಶ್ 2022ರಲ್ಲಿ ಸ್ಪರ್ಧಿಸಲಿಲ್ಲ. ತೆರವಾದ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದಲ್ಲಿಯೇ ಹದಿನೇಳು ಮಂದಿ ಸ್ಪರ್ಧಿಸಿದರು. ನಾಗರಿಕ ಹಕ್ಕುಗಳ ನಾಯಕ ಜೆಸ್ಸಿ ಜಾಕ್ಸನ್ ಅವರ ಪುತ್ರ ಜೊನಾಥನ್ ಜಾಕ್ಸನ್ ಮೂರರಲ್ಲೊಂದು ಭಾಗಕ್ಕಿಂತ ಕಡಿಮೆ ಮತಗಳಿಂದಲೇ ಅಭ್ಯರ್ಥಿತನ ಗೆದ್ದು 2023ರ ಜನವರಿಯಲ್ಲಿ ಸದಸ್ಯರಾದರು, 2024ರಲ್ಲಿ ಪುನರಾಯ್ಕೆಯಾದರು.

ಉಪಸಂಹಾರ

ಒಟ್ಟಾರೆಯಾಗಿ ಈ ಚರಿತ್ರೆಯಲ್ಲಿ ಮೂರು ಹಂತಗಳನ್ನು ಗುರುತಿಸಬಹುದು. ಸ್ಥಾನವನ್ನು ಪಡೆದುದು ಮೊದಲನೆಯದು; ಯಂತ್ರದ ಮೂಲಕ ಅದನ್ನು ಕಾಯ್ದುಕೊಂಡುದು ಎರಡನೆಯದು; ಅದನ್ನು ತುಂಬುವ ಅಧಿಕಾರವನ್ನು ಯಂತ್ರದಿಂದ ಕಿತ್ತುಕೊಂಡುದು ಮೂರನೆಯದು. ಈಗ ನಾಲ್ಕನೆಯ ಹಂತ ಆರಂಭವಾಗಿದೆ. ಪರಂಪರೆ ಮುಂದುವರಿದಿದೆ, ಅದನ್ನು ಹುಟ್ಟಿಸಿದ ನೆರೆಹೊರೆ ಚದುರಿದೆ. ಬೀದಿಯ ಕ್ಯಾಪ್ಟನ್, ಚರ್ಚಿನ ಅಂಗಳ, ಗಟ್ಟಿಯಾಗಿ ಓದುತ್ತಿದ್ದ ಪತ್ರಿಕೆ ಇವುಗಳಿಲ್ಲದೆ ಕ್ಷೇತ್ರದ ನೆನಪು ಎಷ್ಟು ಕಾಲ ಬಾಳಬಲ್ಲದು ಎಂಬುದು ಮುಂದಿನ ಜನಗಣತಿಗಳು ಒಡ್ಡಲಿರುವ ಪ್ರಶ್ನೆ. 'ಡಿಫೆಂಡರ್' ಪತ್ರಿಕೆಯ ಮುದ್ರಣವೂ 2019ರಲ್ಲಿ ನಿಂತಿತು.

ಬ್ರಾನ್ಜ್‌ವಿಲ್‌ನ ಕಿಂಗ್ ಡ್ರೈವ್ ರಸ್ತೆಯಲ್ಲಿ ಡಿ ಪ್ರೀಸ್ಟ್ ವಾಸವಾಗಿದ್ದ ಮನೆಯನ್ನು ರಾಷ್ಟ್ರೀಯ ಸ್ಮಾರಕವಾಗಿ ರಕ್ಷಿಸಲಾಗಿದೆ. ಅದೇ ರಸ್ತೆಯಲ್ಲಿ ಕಲಾವಿದೆ ಆಲಿಸನ್ ಸಾರ್ 1996ರಲ್ಲಿ ರಚಿಸಿದ ಮಹಾವಲಸೆಯ ಸ್ಮಾರಕ ಪ್ರತಿಮೆಯೂ ಇದೆ. ಪೆಟ್ಟಿಗೆ ಹಿಡಿದು ನಿಂತ ಆ ಪ್ರಯಾಣಿಕನ ಉಡುಪು ಸವೆದ ಬೂಟುಗಳ ಅಟ್ಟೆಗಳಿಂದ ಆದುದು. ಚುನಾವಣೆಯ ದಾಖಲೆಗಳಲ್ಲಿ ಗೆದ್ದವರ ಹೆಸರುಗಳಿವೆ. ಆ ಅಟ್ಟೆಗಳು ಮತ ಹಾಕಿದವರು ನಡೆದು ಬಂದ ದಾರಿಯನ್ನು ಹೇಳುತ್ತವೆ. ಕ್ಷೇತ್ರವೊಂದರ ಚರಿತ್ರೆಯನ್ನು ಬರೆಯುವವರು ಈ ಎರಡನ್ನೂ ಆಕರವೆಂದು ಪರಿಗಣಿಸುವುದು ಅಗತ್ಯ. ಅದಕ್ಕೆ ಬೇಕಾದ ಕ್ಷೇತ್ರಕಾರ್ಯದ ಶಿಸ್ತು ಜಾನಪದ ಅಧ್ಯಯನದಲ್ಲಿದೆ.